ವಾಷಿಂಗ್ಟನ್‌ಗೆ ಹೋದರೆ ಈ ಮ್ಯೂಸಿಯಂಗೆ ಒಂದು ಇಡೀ ದಿನ ಇಟ್ಟುಕೊಳ್ಳಿ

ಅಮ್ಮ ಶಿರಸಿಯಿಂದ ಬಂದಿದ್ದಾಗ ವಾಷಿಂಗ್ಟನ್‌ಗೆ ಕರೆದುಕೊಂಡು ಹೋಗಿದ್ದೆ. ವೈಟ್ ಹೌಸ್, ಲಿಂಕನ್ ಸ್ಮಾರಕ ಎಲ್ಲ ಅರ್ಧ ದಿನದಲ್ಲಿ ಮುಗಿಯುತ್ತವೆ. ಆದರೆ ಆಫ್ರಿಕನ್ ಅಮೆರಿಕನ್ನರ ಇತಿಹಾಸದ ರಾಷ್ಟ್ರೀಯ ಮ್ಯೂಸಿಯಂಗೆ ಎರಡು ಗಂಟೆ ಸಾಕು ಅಂದುಕೊಳ್ಳಬೇಡಿ. ನೆಲದ ಕೆಳಗಿನ ಮಹಡಿಗಳಿಗೇ ಮೂರು ಗಂಟೆ ಹಿಡಿಯಿತು ನಮಗೆ.

ಟಿಕೆಟ್ ಇಲ್ಲ, ಆದರೆ ಸಮಯ ಹಾಕಿದ ಪಾಸ್ ಬೇಕು. ಅದೂ ಉಚಿತ. ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಮುಂಚೆಯೇ ತೆಗೆದುಕೊಳ್ಳಿ, ಶನಿವಾರ-ಭಾನುವಾರದ್ದು ಬೇಗ ಖಾಲಿಯಾಗುತ್ತವೆ. ಒಳಗಿನ ಇಳಿಜಾರುಗಳು ಉದ್ದ. ವಯಸ್ಸಾದವರಿದ್ದರೆ ಅಲ್ಲೇ ವೀಲ್‌ಚೇರ್ ಕೇಳಿ, ದುಡ್ಡಿಲ್ಲ. ಊಟಕ್ಕೆ ಒಳಗೇ ಕ್ಯಾಂಟೀನ್ ಇದೆ. ಸಸ್ಯಾಹಾರಿಗಳು ಕೇಳಿಕೊಂಡು ತಿನ್ನಿ, ಅಮೆರಿಕದ ದಕ್ಷಿಣ ರಾಜ್ಯಗಳ ಅಡುಗೆಯಲ್ಲಿ ಸೊಪ್ಪಿಗೂ ಮಾಂಸ ಹಾಕುವ ರೂಢಿ ಇದೆ.

ಕೆಳಗಿನಿಂದ ಶುರುಮಾಡಿ. ಲಿಫ್ಟ್ ಇಳಿಯುತ್ತಿದ್ದಂತೆ ಗೋಡೆಯ ಮೇಲೆ ಇಸವಿಗಳು ಹಿಂದೆ ಹಿಂದೆ ಹೋಗುತ್ತವೆ, 1400ರವರೆಗೆ. ಅಲ್ಲೇ ಮುಂದೆ ಸಾವೊ ಜೋಸೆ ಎಂಬ ಹಡಗಿನ ಕಬ್ಬಿಣದ ಗಟ್ಟಿಗಳು ಸಿಕ್ಕವು. ಮೊಜಾಂಬಿಕ್‌ನಿಂದ ಗುಲಾಮರನ್ನು ತುಂಬಿಕೊಂಡು ಬ್ರೆಜಿಲ್‌ಗೆ ಹೊರಟ ಪೋರ್ಚುಗೀಸ್ ಹಡಗು ಅದು. 1794ರಲ್ಲಿ ಕೇಪ್‌ಟೌನ್ ಹತ್ತಿರ ಮುಳುಗಿತು. ಮನುಷ್ಯರ ಭಾರ ಸಾಲದೆ ಹಡಗು ಓಲಾಡದಿರಲಿ ಅಂತ ತಳಕ್ಕೆ ಈ ಗಟ್ಟಿಗಳನ್ನು ಹಾಕಿದ್ದರು. ತುಕ್ಕು ಹಿಡಿದು ಮೈಯೆಲ್ಲ ಗುಳಿ ಬಿದ್ದಿವೆ. ಅಮ್ಮ ಬಹಳ ಹೊತ್ತು ನೋಡಿ, "ನಮ್ಮ ತೋಟಕ್ಕೆ ಬರ್ತಿದ್ದ ಸಿದ್ದಿಗಳ ಹಿರಿಯರೂ ಹೀಗೇ ಬಂದ್ರಾ ತಮಾ?" ಅಂತ ಕೇಳಿದರು. ಹೌದು. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವಾಕ್ಕೂ ಗುಲಾಮರನ್ನು ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟದ ಕಾಡು ಸೇರಿದವರ ಮಕ್ಕಳು-ಮೊಮ್ಮಕ್ಕಳೇ ಇವತ್ತು ಯಲ್ಲಾಪುರ, ಹಳಿಯಾಳದಲ್ಲಿ ಕನ್ನಡ, ಕೊಂಕಣಿ ಮಾತಾಡಿಕೊಂಡಿದ್ದಾರೆ. ಈ ಗಟ್ಟಿಗಳು ದಕ್ಷಿಣ ಆಫ್ರಿಕಾದಿಂದ ಎರವಲು ತಂದವು. ನೀವು ಹೋಗುವಾಗ ಇವೆಯೋ ಇಲ್ಲವೋ ವಿಚಾರಿಸಿಕೊಳ್ಳಿ.

ಕಪ್ಪು ಜನರನ್ನು ಬೇರೆ ಕೂರಿಸುತ್ತಿದ್ದ ಕಾಲದ ರೈಲು ಬೋಗಿಯನ್ನಂತೂ ಬಿಡಬೇಡಿ. ಬಿಳಿಯರ ಕಡೆ ದೊಡ್ಡ ಶೌಚಾಲಯ. ಕಪ್ಪು ಜನರ ಕಡೆ ಚಿಕ್ಕದು, ಸಾಮಾನು ಇಡಲು ಮೇಲೆ ಅಟ್ಟಣಿಗೆಯೂ ಇಲ್ಲ. ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡದು ಅಂತ 2013ರಲ್ಲೇ ಕ್ರೇನ್‌ನಿಂದ ಇಳಿಸಿ, ಆಮೇಲೆ ಅದರ ಸುತ್ತ ಕಟ್ಟಡ ಎಬ್ಬಿಸಿದರು.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು ಅನ್ನೋದೂ ನೋಡಲೇಬೇಕಾದ ಕತೆ. ಸಂಸದ ಜಾನ್ ಲೂಯಿಸ್ 1988ರಲ್ಲಿ ಈ ಮ್ಯೂಸಿಯಂಗಾಗಿ ಮಸೂದೆ ತಂದರು. ಕಾನೂನಾಗಲು 2003 ಬಂತು, ಬಾಗಿಲು ತೆರೆಯಲು 2016. ಖರ್ಚು 54 ಕೋಟಿ ಡಾಲರ್. ಅರ್ಧ ಸರ್ಕಾರದ್ದು, ಉಳಿದರ್ಧ ದಾನಿಗಳಿಂದ ಎತ್ತಬೇಕಿತ್ತು. ಟೀವಿ ನಿರೂಪಕಿ ಓಪ್ರಾ ವಿನ್‌ಫ್ರೇ ಒಬ್ಬರೇ 2.1 ಕೋಟಿ ಕೊಟ್ಟರು. ಆದರೆ ನನಗೆ ಜಾಸ್ತಿ ತಟ್ಟಿದ್ದು 25 ಡಾಲರ್ ಕೊಟ್ಟು ಸದಸ್ಯರಾದ ಸಾಮಾನ್ಯ ಜನ. ಶುರುವಿನಲ್ಲಿ ಮ್ಯೂಸಿಯಂ ಹತ್ತಿರ ಒಂದು ವಸ್ತುವೂ ಇರಲಿಲ್ಲ. ಸಿಬ್ಬಂದಿ ಊರೂರಿಗೆ ಹೋಗಿ ಅಟ್ಟದ ಮೇಲೆ, ಪೆಟ್ಟಿಗೆಯೊಳಗೆ ಇದ್ದದ್ದನ್ನು ಕೆಡದಂತೆ ಇಟ್ಟುಕೊಳ್ಳುವುದು ಹೇಗೆ ಅಂತ ಹೇಳಿಕೊಟ್ಟರು. ಜನ ಕೊಟ್ಟರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬೇರೆಯವರನ್ನೂ ಬಿಡಿಸಿದ ಹ್ಯಾರಿಯೆಟ್ ಟಬ್‌ಮನ್‌ಗೆ ವಿಕ್ಟೋರಿಯಾ ರಾಣಿ ಕಳಿಸಿದ ಶಾಲು ಕೂಡ ಒಬ್ಬ ಸಂಗ್ರಾಹಕರು ಹಾಗೇ ಕೊಟ್ಟದ್ದು.

ಹಾಗಾಗಿ ಪ್ರವೇಶ ಉಚಿತ ಅಂತ ಸುಮ್ನೆ ಬಂದುಬಿಡಬೇಡಿ, ಟಿಕೆಟಿಗೆ ಕೊಡುತ್ತಿದ್ದಷ್ಟನ್ನಾದರೂ ದೇಣಿಗೆ ಕೊಡಿ. ಅಮ್ಮ ನನ್ನ ಜೇಬಿನಿಂದ ಇಪ್ಪತ್ತು ಡಾಲರ್ ತೆಗೆಸಿದರು.

ಮಾರನೇ ದಿನ ಬಿಡುವಿದ್ದರೆ ಅನಕೋಸ್ಟಿಯಾ ಮ್ಯೂಸಿಯಂಗೂ ಹೋಗಿ. ಕಪ್ಪು ಜನರ ಬಡಾವಣೆಯೊಂದರ ಹಳೇ ಟಾಕೀಸಿನಲ್ಲಿ 1967ರಲ್ಲಿ ಶುರುವಾದದ್ದು, ಈಗ ಬೇರೆ ಕಟ್ಟಡದಲ್ಲಿದೆ. ಇಂಥ ಚಿಕ್ಕ ಕಡೆಗೆ ದೊಡ್ಡ ದಾನಿಗಳ ಕಣ್ಣು ಬೀಳುವುದು ಕಡಿಮೆ, ಅಲ್ವಾ? ಹಸಿರು ಲೈನಿನ ಮೆಟ್ರೋದಲ್ಲಿ ಅನಕೋಸ್ಟಿಯಾಗೆ ಇಳಿದು ಬಸ್ ಹಿಡಿಯಬೇಕು. ತೆರೆದಿರುವ ದಿನ ನೋಡಿಕೊಂಡು ಹೊರಡಿ.