ಹೊಗೆಯೋ, ಮಂಜೋ, ಧೂಳೋ?

ಅಕ್ಟೋಬರ್ ಕೊನೆ ಅಂದರೆ ಪಂಜಾಬ್, ಹರಿಯಾಣದಲ್ಲಿ ಭತ್ತದ ಕೂಳೆಗೆ ಬೆಂಕಿ ಬೀಳುವ ಹೊತ್ತು. ನಾಸಾದ ಉಪಗ್ರಹಚಿತ್ರಗಳ ಜಾಲತಾಣ ವರ್ಲ್ಡ್‌ವ್ಯೂ ತೆರೆದವರು ಮೊದಲು ಎಡವುವುದು ಬಣ್ಣದಲ್ಲಿ. ಮಂಜು ಬೆಳ್ಳಗೆ, ಅಂಚು ಸ್ಪಷ್ಟ. ಹೊಗೆ ನೀಲಿ ಬೆರೆತ ಬೂದು, ಕೆಳಗಿನ ನೆಲ ಮಸುಕಾಗಿ ಕಾಣುತ್ತದೆ. ಧೂಳು ಹಳದಿಗಂದು. ಇವು ಬೆರೆತುಬಿಟ್ಟರೆ ಕಣ್ಣನ್ನು ನಂಬಬೇಡಿ, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ತೋರಿಸುವ ಏರೋಸಾಲ್ ಸೂಚ್ಯಂಕದ ಪದರವನ್ನು ಚಿತ್ರದ ಮೇಲೆ ಹಾಕಿ. ಅತಿನೇರಳೆ ಬೆಳಕನ್ನು ಹೀರುವ ಹೊಗೆ, ಧೂಳು ಎರಡೂ ಅಲ್ಲಿ ಎದ್ದು ಕಾಣುತ್ತವೆ. ಮೋಡ ಸೊನ್ನೆಯ ಆಸುಪಾಸಿನಲ್ಲೇ ಉಳಿಯುತ್ತದೆ. ಆದರೆ ನೆಲಕ್ಕಂಟಿದ ಹೊಗೆಯನ್ನು ಈ ಪದರ ಕಡಿಮೆ ತೋರಿಸುತ್ತದೆ, ದೆಹಲಿಯವರ ಮೂಗಿಗೆ ಬರುವುದು ಅದೇ!

ಹೊಗೆಯ ವೇಗ ಬೇಕಿದ್ದರೆ ದಿನಕ್ಕೊಂದು ಚಿತ್ರ ಸಾಲದು. ಭಾರತದ ಇನ್ಸಾಟ್ ಉಪಗ್ರಹಗಳ ಚಿತ್ರಗಳು ಅರ್ಧ ಗಂಟೆಗೊಮ್ಮೆ ಬರುತ್ತವೆ. ಹೊಗೆಯ ಮುಂಚೂಣಿ 2 ಗಂಟೆಯಲ್ಲಿ 40 ಕಿ.ಮೀ. ಸರಿದಿದ್ದರೆ ಗಂಟೆಗೆ 20. ಇದನ್ನು ಸುಮಾರು 1.5 ಕಿ.ಮೀ. ಎತ್ತರದ, ಅಂದರೆ 850 ಹೆಕ್ಟೊಪಾಸ್ಕಲ್ ವಾಯುಒತ್ತಡದ ಮಟ್ಟದ ಗಾಳಿಯ ಜೊತೆ ಹೋಲಿಸಿ. ತಾಳೆಯಾಗದಿದ್ದರೆ ಹೊಗೆ ಬಹುಶಃ ಬೇರೆ ಎತ್ತರದಲ್ಲಿದೆ.

ಬೆಂಕಿಯ ಕೆಂಪು ಚುಕ್ಕೆಗಳ ವಿಷಯವೇ ಬೇರೆ. ಬೆಂಕಿಯ ಶಾಖ ಗುರುತಿಸುವ ಉಪಗ್ರಹ ಉಪಕರಣ ವಿಐಐಆರ್‌ಎಸ್‌ನ ಒಂದು ಚುಕ್ಕೆ 375 ಮೀಟರ್ ಚೌಕ, ಹೆಚ್ಚುಕಡಿಮೆ 35 ಎಕರೆ. ಉರಿದದ್ದು ಅದರ ಒಂದು ಮೂಲೆ ಮಾತ್ರ ಇರಬಹುದು. ಉಪಗ್ರಹ ಹಾದುಹೋಗುವುದು ಮಧ್ಯಾಹ್ನ ಒಂದೂವರೆಯ ಸುಮಾರಿಗೆ, ಮತ್ತೆ ನಡುರಾತ್ರಿ ದಾಟಿದ ಮೇಲೆ. ಸಂಜೆ ಹಚ್ಚಿ ಸಂಜೆಯೇ ಆರಿದ ಬೆಂಕಿ ಲೆಕ್ಕಕ್ಕೇ ಬರುವುದಿಲ್ಲ. ಚುಕ್ಕೆ ಎಣಿಸಿ ರೈತರನ್ನು ಬೈಯುವವರು ಭತ್ತ ಕೊಯ್ದ ಮೇಲೆ ಗೋಧಿ ಬಿತ್ತನೆಗೆ ಉಳಿದ ದಿನಗಳನ್ನೂ ಒಮ್ಮೆ ಎಣಿಸಬಹುದಿತ್ತೇನೋ. ಪರದೆಯಲ್ಲಿ ಅದಕ್ಕೊಂದು ಪದರ ಇಲ್ಲ.