ಅಮ್ಮನ ದಿಂಬಿನ ಕೆಳಗಿನ ಸ್ಟ್ರಿಪ್

ಅಕ್ಕನ ಮಗನ ಕರ್ಚೀಫಿನಲ್ಲಿ ಥಿನ್ನರ್ ವಾಸನೆ ಸಿಕ್ಕ ದಿನ ಮನೆಯಲ್ಲಿ ದೊಡ್ಡ ರಂಪ. ಮೂಗಿನ ಸುತ್ತ ಕೆಂಪು ಗುಳ್ಳೆ, ಅಂಗಿಯ ತೋಳಿಗೆ ವೈಟ್ನರ್ ಕಲೆ, ಪದೇ ಪದೇ ತಲೆನೋವು, ಎಲ್ಲಕ್ಕೂ ಆಗ ಅರ್ಥ ಬಂತು, ನಶೆಗೆಂದು ಅದನ್ನು ಮೂಸುತ್ತಿದ್ದ. ಭಾವ ಕೂಗಾಡುತ್ತಾ ಅವನನ್ನು ಅಟ್ಟಿಸಿಕೊಂಡು ಹೋದರು. ಹಾಗೆ ಮಾಡಲೇಬಾರದಂತೆ. ಆ ಆವಿ ಮೈಯಲ್ಲಿರುವಾಗ ಗಾಬರಿಯಾದರೆ, ಓಡಿದರೆ ಹೃದಯದ ಬಡಿತ ತಪ್ಪಿ ನಿಂತಲ್ಲೇ ಕುಸಿಯಬಹುದು, ಮೊದಲ ಸಲ ಮೂಸಿದವರೂ ಕೂಡ. ಏನೂ ಆಗಲಿಲ್ಲ, ನಮ್ಮ ಪುಣ್ಯ. ಉಳಿದದ್ದು ಅವನ ಕಥೆ, ಬೇಕಾದರೆ ಅವನೇ ಹೇಳಲಿ.

ನನ್ನನ್ನು ಕೊರೆಯುವುದು ಬೇರೆ. ನಾವೆಲ್ಲ ಆ ಹುಡುಗನ ಚೀಲ ತಡಕುತ್ತಿದ್ದಾಗ ಅಮ್ಮ ಪಕ್ಕದ ಕೋಣೆಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದಳು.

ಅಪ್ಪ ತೀರಿಕೊಂಡಾಗ ಡಾಕ್ಟರು ಎರಡು ವಾರಕ್ಕೆಂದು ಅಲ್ಪ್ರಜೋಲಮ್ ಎಂಬ, ಆತಂಕ ತಗ್ಗಿಸಿ ನಿದ್ದೆ ತರಿಸುವ ಮಾತ್ರೆ ಬರೆದಿದ್ದರು, ರಾತ್ರಿಗೆ 0.25 ಮಿಲಿಗ್ರಾಂ. ಎರಡು ವಾರ ಎರಡು ವರ್ಷವಾಗಿತ್ತು. ಒಂದು ಮಾತ್ರೆಗೆ ನಿದ್ದೆ ಬರದಾದಾಗ ಎರಡು, ಆಮೇಲೆ ಮಧ್ಯಾಹ್ನಕ್ಕೂ ಒಂದು. ಸಂಜೆ ಫೋನಿನಲ್ಲಿ ಅವಳ ನಾಲಿಗೆ ದಪ್ಪವಾದಂತೆ ಕೇಳಿಸುತ್ತಿತ್ತು. ಬೆಳಗ್ಗೆ ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದಳು. ಗೋಡೆ ಹಿಡಿದು ನಡೆಯುತ್ತಿದ್ದಳು, ಬಚ್ಚಲಲ್ಲಿ ಎರಡು ಸಲ ಬಿದ್ದಳು. "ವಯಸ್ಸಾಯ್ತಲ್ಲ" ಅಂದೆವು. ಕುಡಿದವರ ಬಾಯಿ ವಾಸನೆ ಬರುತ್ತದೆ, ಹುಡುಗನ ಕರ್ಚೀಫೂ ಅವನನ್ನು ಹಿಡಿದುಕೊಟ್ಟಿತು. ಮಾತ್ರೆಗೆ ವಾಸನೆಯೇ ಇಲ್ಲ, ಮೇಲಾಗಿ ಡಾಕ್ಟರ ಚೀಟಿ ಬೇರೆ.

ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ಸ್ಟ್ರಿಪ್ ಸಿಕ್ಕಿತು. ಶನಿವಾರ ತಂದ ಹತ್ತು ಮಾತ್ರೆಯಲ್ಲಿ ಮಂಗಳವಾರಕ್ಕೆ ಒಂದೇ ಉಳಿದಿತ್ತು. ಕಪಾಟಿನಲ್ಲಿ ಇನ್ನೊಬ್ಬ ಡಾಕ್ಟರ ಚೀಟಿಯೂ ಇತ್ತು. ನಾನು ದೊಡ್ಡ ಬುದ್ಧಿವಂತನಂತೆ ಎಲ್ಲವನ್ನೂ ಎತ್ತಿ ಎಸೆದೆ.

ಎರಡು ರಾತ್ರಿ ಅವಳು ಕಣ್ಣು ಮುಚ್ಚಲಿಲ್ಲ. ಕೈ ನಡುಗಿತು, ಮೈಯೆಲ್ಲ ಬೆವರು, ಬಾಗಿಲು ಸದ್ದಾದರೂ ಬೆಚ್ಚುತ್ತಿದ್ದಳು. ಹಳೇ ಆತಂಕ ಮರುಕಳಿಸಿತೆಂದುಕೊಂಡು ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಮೊದಲು ಕೇಳಿದ್ದು, ದಿನಕ್ಕೆ ಎಷ್ಟು, ಎಷ್ಟು ಕಾಲದಿಂದ, ಜೊತೆಗೆ ಮದ್ಯ, ಕೆಮ್ಮಿನ ಸಿರಪ್ಪು, ಬಲವಾದ ನೋವು ನಿವಾರಕ ಮಾತ್ರೆ ಏನಾದರೂ ಇತ್ತೇ ಎಂದು. ಅವು ಸೇರಿದರೆ ಉಸಿರಾಟವೇ ಕುಂದುತ್ತದಂತೆ. ಎಷ್ಟು ಅಲುಗಾಡಿಸಿದರೂ ಏಳದೆ ಗೊರಕೆ ಹೊಡೆಯುತ್ತಿದ್ದರೆ ಅದನ್ನು ಗಾಢ ನಿದ್ದೆ ಅಂದುಕೊಳ್ಳದೆ, ಮಗ್ಗುಲಿಗೆ ಮಲಗಿಸಿ ಆಂಬುಲೆನ್ಸ್ ಕರೆಯಿರಿ ಅಂದರು. ಆಮೇಲೆ ನನಗೆ ಬೈಗುಳ. ಇಷ್ಟು ಕಾಲ ತೆಗೆದುಕೊಂಡಿದ್ದನ್ನು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣವೂ ಹೋಗಬಹುದು.

ಮಾತ್ರೆ ಮತ್ತೆ ಶುರುವಾಯಿತು, ಈ ಸಲ ಇಳಿಸುವ ಲೆಕ್ಕದಲ್ಲಿ. ಅಮ್ಮ ನನ್ನ ಜೊತೆ ಹದಿನೈದು ದಿನ ಸರಿಯಾಗಿ ಮಾತಾಡಲಿಲ್ಲ. "ಅವನು ಮೂಸಿದ್ದೂ ನಾನು ನುಂಗಿದ್ದೂ ಒಂದೇನಾ?" ಎಂದು ಒಮ್ಮೆ ಕೇಳಿದಳು. ಉತ್ತರ ಹೊಳೆಯಲಿಲ್ಲ.

ಎಂಟು ತಿಂಗಳಾಯಿತು. ಈಗ ರಾತ್ರಿ ಅರ್ಧ ಮಾತ್ರೆ. ಅದನ್ನು ಮುರಿದು ಕೊಡುವವನು ಮೊಮ್ಮಗ.