ಗಿನಿ ಕೊಳ್ಳುವಾಗ ಮೊದಲು ಅಂಚು ನೋಡಿ

ಬೆಳಗಾವಿ ಕಡೆ ಹಳೆಯ ಸರಗಳಲ್ಲಿ ಕಾಣುವ ಇಂಗ್ಲಿಷ್ ಚಿನ್ನ ಸಾಮಾನ್ಯವಾಗಿ 7.98 ಗ್ರಾಂ ತೂಗುವ ಸಾವರಿನ್ ನಾಣ್ಯ. ಗಿನಿ ಅದಕ್ಕಿಂತ ಹಳೆಯ ಇಂಗ್ಲಿಷ್ ಚಿನ್ನದ ನಾಣ್ಯ. 1663ರಲ್ಲಿ ಶುರುವಾದದ್ದು, 22 ಕ್ಯಾರೆಟ್, ಸುಮಾರು 8.35 ಗ್ರಾಂ. ಎರಡನೇ ಜಾರ್ಜನ ಕೆಲವು ಗಿನಿಗಳಲ್ಲಿ ತಲೆಯ ಕೆಳಗೆ ‘ಇ.ಐ.ಸಿ.’ ಎಂದಿರುತ್ತದೆ, ಆ ಚಿನ್ನ ಕೊಟ್ಟದ್ದು ಈಸ್ಟ್ ಇಂಡಿಯಾ ಕಂಪನಿ. ನಮ್ಮ ಸಂಗ್ರಾಹಕರು ಬೆನ್ನು ಹತ್ತುವುದು ಇದನ್ನೇ.

ಮುಖ ನೋಡುವ ಮೊದಲು 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ (ಲೂಪ್) ಹಿಡಿದು ಅಂಚನ್ನು ಸುತ್ತಲೂ ತಿರುಗಿಸಿ ನೋಡಿ, ರಾಜನ ತಲೆಯ ನೇರ ಮೇಲಿನ ಜಾಗವನ್ನು ಎರಡು ಸಲ. ಸರಕ್ಕೆ ಪೋಣಿಸಲು ಬೆಸೆದಿದ್ದ ಕೊಂಡಿ ಕಿತ್ತಿದ್ದರೆ ಅಲ್ಲಿ ಅಂಚಿನ ಗೆರೆಗಳು ಬೆಸುಗೆಯಲ್ಲಿ ಮುಚ್ಚಿರುತ್ತವೆ, ಇಲ್ಲವೇ ಅರ ಉಜ್ಜಿದ ಗೀರು ಕಾಣುತ್ತದೆ. ಪತ್ತಾರ ಎಷ್ಟೇ ಜಾಣನಿರಲಿ, ಬೆಸುಗೆಯ ಬಣ್ಣ ಬೇರೆಯೇ. ಅಂಥದ್ದಕ್ಕೆ ಚಿನ್ನದ ಬೆಲೆಗಿಂತ ತುಸು ಹೆಚ್ಚು ಕೊಡಬಹುದು, ಅಪರೂಪದ ಬೆಲೆ ಕೊಡಬಾರದು.

ಆಮೇಲೆ ನೀರಿನ ತೂಕ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಮುಳುಗಿಸಿ. ಒಣ ತೂಕವನ್ನು ಆಗ ಬಂದ ಅಂಕಿಯಿಂದ ಭಾಗಿಸಿದರೆ ನಾಣ್ಯ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು ಸಿಗುತ್ತದೆ: 8.35 ÷ 0.475 = 17.58. 17.3ರಿಂದ 17.9ರ ನಡುವೆ ಬಂದರೆ 22 ಕ್ಯಾರೆಟ್‌ಗೆ ಸರಿ, ಹಿತ್ತಾಳೆಯಾದರೆ 8.5ರ ಆಸುಪಾಸು. ಇಲ್ಲಿ ಎಡವುವುದು ತಕ್ಕಡಿ. 0.01 ಗ್ರಾಂ ತೋರಿಸುವುದು ಸಾಲದು: 0.47 ಬಂದರೆ 17.77, 0.48 ಬಂದರೆ 17.40. ಕೊನೆಯ ಅಂಕಿ ಒಂದು ಸರಿದರೂ ಉತ್ತರ ಆ ಮಿತಿಯ ಅರ್ಧಕ್ಕಿಂತ ಹೆಚ್ಚು ಜಿಗಿಯುತ್ತದೆ. 0.001 ಗ್ರಾಂ ತೋರಿಸುವುದು ಬೇಕು. ಅಂಟಿಕೊಂಡ ಗಾಳಿಗುಳ್ಳೆಯೂ ಉತ್ತರವನ್ನು ಇಳಿಸುತ್ತದೆ; ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ.

ಒರೆಗಲ್ಲಿಗೆ ಮಾತ್ರ ಕೊಡಬೇಡಿ, ಆ ಗೀರು ಹೋಗುವುದಿಲ್ಲ. ಕ್ಯಾರೆಟ್ ಮೀಟರ್ ಗೀರುವುದಿಲ್ಲ, ಆದರೆ ಓದುವುದು ಮೇಲ್ಪದರವನ್ನಷ್ಟೇ. ಅಸಲಿ 22 ಕ್ಯಾರೆಟ್‌ನಲ್ಲೇ ಮಾಡಿದ ನಕಲಿ ಈ ಎಲ್ಲದರಲ್ಲೂ ಪಾಸಾಗುತ್ತದೆ. ಅದಕ್ಕೆ ಬ್ರಿಟಿಷ್ ಮ್ಯೂಸಿಯಂನ ಆನ್‌ಲೈನ್ ಚಿತ್ರಗಳ ಪಕ್ಕ ಇಟ್ಟು ಅಕ್ಷರಗಳ ಆಕಾರ, ಅಂತರ ಹೋಲಿಸಬೇಕು. 1787–99ರ ‘ಸ್ಪೇಡ್’ ಗಿನಿ ಎಂದು ಬರುವ ಹಿತ್ತಾಳೆ ಬಿಲ್ಲೆಗಳಿಗೆ ಇಷ್ಟು ಕಷ್ಟ ಬೇಡ. ‘ಇನ್ ಮೆಮೊರಿ ಆಫ್ ದ ಗುಡ್ ಓಲ್ಡ್ ಡೇಸ್’ ಎಂದು ಅವುಗಳ ಮೇಲೆಯೇ ಬರೆದಿರುತ್ತದೆ, ಆದರೂ ಕೊಳ್ಳುವವರಿದ್ದಾರೆ!

ಗಿನಿಗಿಂತ ಹಿಂದಿನವು ಸುತ್ತಿಗೆಯಿಂದ ಬಡಿದ ನಾಣ್ಯಗಳು. 1604ರ ಯುನೈಟ್ ಎಂಬ ಚಿನ್ನದ ನಾಣ್ಯ ಸುಮಾರು 10 ಗ್ರಾಂ ಇರಬೇಕು, 9.3 ತೂಗಿ, ಸುತ್ತಲಿನ ಅಕ್ಷರಗಳ ತಲೆಯೂ ಹೋಗಿದ್ದರೆ ಯಾರೋ ಅಂಚು ಕತ್ತರಿಸಿದ್ದಾರೆ. ಏಂಜೆಲ್ ಎಂಬ ಇನ್ನೊಂದು ಚಿನ್ನದ ನಾಣ್ಯದಲ್ಲಿ ತೂತಿದ್ದರೆ ಕೂಡಲೇ ಬದಿಗಿಡಬೇಡಿ. ಗಂಡಮಾಲೆ ರೋಗಿಗಳ ಕೊರಳಿಗೆ ಅಲ್ಲಿಯ ದೊರೆಗಳೇ ಅದನ್ನು ಕಟ್ಟುತ್ತಿದ್ದರು.

ಹೊರದೇಶದಿಂದ ತರಿಸುವವರು ಪರೀಕ್ಷೆ, ಗ್ರೇಡಿಂಗ್ (ನಾಣ್ಯದ ಸ್ಥಿತಿಗೆ ದರ್ಜೆ ಕೊಡಿಸುವುದು) ಎಲ್ಲ ಅಲ್ಲೇ ಮುಗಿಸಿ. 1972ರ ಪುರಾತನ ವಸ್ತು ಕಾಯ್ದೆಯಲ್ಲಿ 100 ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತುವೇ. ಹಾಗಾಗಿ ಒಮ್ಮೆ ದೇಶದೊಳಗೆ ಬಂದದ್ದನ್ನು ಗ್ರೇಡಿಂಗ್‌ಗೆಂದು ಲಂಡನ್ನಿಗೆ ಕೊರಿಯರ್ ಮಾಡಲು ಬರುವುದಿಲ್ಲ.